ಕ್ಯಾನ್ಸರ್ ನಿಧಿ ಸಂಗ್ರಹಕ್ಕೆ ಮುಂದಾಳಾಗುವ ಮುನ್ನ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನು, ಪತ್ರ, ಮೆಸೇಜುಗಳಲ್ಲಿ ಹಾಡಿನ ಕೋರಿಕೆ ಬಿಟ್ಟರೆ ಪದೇ ಪದೇ ಬರುವ ಇನ್ನೊಂದು ಪ್ರಶ್ನೆ ಇದೆ. ಊರಿನ ಕಡೆಯವರು ಯಾರೋ ಇಲ್ಲಿಗೆ ಕ್ಯಾನ್ಸರ್ ಚಿಕಿತ್ಸೆಗೆ ಬಂದಿದ್ದಾರೆ, ಅಥವಾ ಕ್ಯಾನ್ಸರ್ ರೋಗಿಗಳಿಗಾಗಿ ದುಡಿಯುವ ಒಂದು ಸಂಸ್ಥೆಗೆ ನೆರವಾಗಬೇಕು ಎಂದು ನಮ್ಮ ಸಂಘದ ನಾಲ್ಕು ಜನಕ್ಕೆ ಅನ್ನಿಸಿದೆ, ಹಣ ಒಟ್ಟು ಮಾಡುವುದು ಹೇಗೆ, ಯಾರು ಮುಂದೆ ನಿಲ್ಲಬೇಕು, ಎಲ್ಲಿಂದ ಶುರು ಮಾಡಬೇಕು?

ಎರಡು ಹಾಡುಗಳ ನಡುವೆ ಸಿಗುವ ಒಂದು ನಿಮಿಷದಲ್ಲಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಹಾಗಾಗಿ ಈ ಸಲ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಣ ಕೇಳುವುದೇ ಕಷ್ಟದ ಕೆಲಸ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಅದಕ್ಕಿಂತ ಕಷ್ಟದ್ದು, ಕೊಟ್ಟವರಿಗೆ ಆ ಹಣದ ಲೆಕ್ಕ ಒಪ್ಪಿಸುವುದು. ಲೆಕ್ಕ ಒಪ್ಪಿಸಿದ ತಂಡಕ್ಕೆ ಮುಂದಿನ ವರ್ಷ ಬಾಗಿಲು ತಾನಾಗಿ ತೆರೆಯುತ್ತದೆ. ಒಪ್ಪಿಸದ ತಂಡಕ್ಕೆ ಸಾಮಾನ್ಯವಾಗಿ ಮುಂದಿನ ವರ್ಷ ಎನ್ನುವುದೇ ಇರುವುದಿಲ್ಲ.

ಹಣ ಯಾವುದಕ್ಕೆ ಬೇಕು?

ಮುಂಬೈಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಸುತ್ತಮುತ್ತ ಓಡಾಡಿದವರಿಗೆ ಈ ನೋಟ ಗೊತ್ತು. ಫುಟ್‌ಪಾತಿನ ಮೇಲೆ ಚಾಪೆ, ಚೀಲ, ರಿಪೋರ್ಟುಗಳ ಫೈಲು ಇಟ್ಟುಕೊಂಡು ಕುಳಿತ ಕುಟುಂಬಗಳು. ದೇಶದ ಎಲ್ಲ ಮೂಲೆಯ ಜನ ಅಲ್ಲಿ ಸಿಗುತ್ತಾರೆ. ನಮ್ಮ ಕಲಬುರಗಿ, ವಿಜಯಪುರ, ರಾಯಚೂರು ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಇವರಲ್ಲಿ ಅನೇಕರಿಗೆ ಡಾಕ್ಟರು ಸಿಕ್ಕಿದ್ದಾರೆ, ಚಿಕಿತ್ಸೆಯ ತಾರೀಖೂ ಸಿಕ್ಕಿದೆ. ರಾತ್ರಿ ತಲೆಯಿಟ್ಟು ಮಲಗಲು ಒಂದು ಸೂರು ಸಿಕ್ಕಿಲ್ಲ.

ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಎಂದರೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಇದು ಅನೇಕ ಮಕ್ಕಳಲ್ಲಿ ವಾಸಿಯಾಗುವ ಕಾಯಿಲೆ. ಆದರೆ ಇದರ ಸಾಮಾನ್ಯ ಬಗೆಗೆ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಆಸ್ಪತ್ರೆಯ ಹತ್ತಿರವೇ ಇರಬೇಕು, ಸೋಂಕು ತಗುಲದಂತೆ ಶುಚಿಯಾದ ಜಾಗದಲ್ಲಿರಬೇಕು. ಅಪ್ಪನ ಕೂಲಿ ನಿಂತು, ಬಾಡಿಗೆ ಕಟ್ಟಲಾಗದೆ, ಊರಲ್ಲಿ ಬಿಟ್ಟುಬಂದ ಇನ್ನೊಂದು ಮಗುವಿನ ಚಿಂತೆಯಲ್ಲಿ ಮನೆಯವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಹೋಗುವುದುಂಟು. ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮರಳಿ ಬರುವ ಅಪಾಯ ಬಹಳ ಹೆಚ್ಚು. ಇಂಥ ಮಕ್ಕಳಿಗೂ ತಂದೆ ತಾಯಿಗೂ ಉಚಿತ ವಸತಿ ಕೊಡಲೆಂದೇ 2006ರಲ್ಲಿ ಮುಂಬೈಯಲ್ಲಿ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಎಂಬ ಸಂಸ್ಥೆ ಶುರುವಾಯಿತು. ಮುಂದೆ ದೆಹಲಿ, ಹೈದರಾಬಾದ್, ಚೆನ್ನೈ ಮುಂತಾದ ಊರುಗಳಿಗೂ ಅದು ಹರಡಿತು. ಔಷಧಿಯಷ್ಟೇ ವಸತಿಯೂ ಚಿಕಿತ್ಸೆಯ ಭಾಗ ಎಂಬುದನ್ನು ಇದು ತೋರಿಸಿಕೊಟ್ಟಿದೆ.

ಆದ್ದರಿಂದ ಮುಂದಾಳಿನ ಮೊದಲ ಕೆಲಸ, ಈಗಾಗಲೇ ಏನೇನು ಉಚಿತವಾಗಿ ಸಿಗುತ್ತದೆ ಎಂದು ತಿಳಿದುಕೊಳ್ಳುವುದು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ಸಿಗುತ್ತದೆ. ಬೇರೆ ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ಅದನ್ನು ಬಳಸಬಹುದು. ಚಿಕಿತ್ಸೆಗಾಗಿ ಓಡಾಡುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು 3 ಎ.ಸಿ. ದರ್ಜೆಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಬರುವ ಒಬ್ಬರಿಗೆ ಶೇಕಡಾ 75 ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಎಷ್ಟೋ ಮನೆಯವರಿಗೆ ಇದು ಗೊತ್ತಿರುವುದಿಲ್ಲ. ಗೊತ್ತಿದ್ದರೂ ಭಾಷೆ ಬಾರದೆ ಕೌಂಟರಿನಲ್ಲಿ ಕೇಳಲು ಹಿಂಜರಿಯುತ್ತಾರೆ. ಕನ್ನಡ ಬಲ್ಲ ಸ್ವಯಂಸೇವಕರೊಬ್ಬರು ಜೊತೆಗೆ ನಿಂತರೆ ಸಾವಿರಾರು ರೂಪಾಯಿ ಸಂಗ್ರಹಿಸಿ ಕೊಟ್ಟಷ್ಟೇ ಉಪಕಾರ.

ಉಚಿತವಾಗಿ ಸಿಗುವುದನ್ನು ಕಳೆದು ಉಳಿದದ್ದಕ್ಕೆ ಹಣ ಕೂಡಿಸಬೇಕು. ವಸತಿ, ಊಟ, ಊರೊಳಗಿನ ಓಡಾಟ, ಯೋಜನೆಯಲ್ಲಿ ಸೇರದ ಪರೀಕ್ಷೆ ಮತ್ತು ಔಷಧಿ. ಈ ಪಟ್ಟಿಯನ್ನು ಸಂಸ್ಥೆಯವರನ್ನೋ ಆಸ್ಪತ್ರೆಯ ಸಮಾಜಸೇವಾ ವಿಭಾಗದವರನ್ನೋ ಕೇಳಿ ಬರೆದುಕೊಳ್ಳಿ.

ಅಡ್ಯಾರಿನ ಪಾಠ

ಮುಂಬೈಯ ಟಾಟಾ ಆಸ್ಪತ್ರೆ ದೊಡ್ಡ ಮನೆತನವೊಂದರ ಟ್ರಸ್ಟಿನಿಂದ ಎದ್ದದ್ದು. ಲೇಡಿ ಮೆಹರ್‌ಬಾಯಿ ಟಾಟಾ 1931ರಲ್ಲಿ ಲ್ಯುಕೇಮಿಯಾದಿಂದ ತೀರಿಕೊಂಡರು. ಅವರ ಪತಿ ದೊರಾಬ್‌ಜಿ ಟಾಟಾ ಹೆಸರಿನ ಟ್ರಸ್ಟ್ 1941ರಲ್ಲಿ ಈ ಆಸ್ಪತ್ರೆಯನ್ನು ತೆರೆಯಿತು. ಚೆನ್ನೈಯ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನ ಕಥೆ ಬೇರೆ. ಅಲ್ಲಿ ಒಂದು ಮಹಿಳಾ ಸಂಘ ಮುಂದೆ ನಿಂತಿತು.

ಡಾ. ಮುತ್ತುಲಕ್ಷ್ಮಿ ರೆಡ್ಡಿ ಮದರಾಸು ಪ್ರಾಂತದ ಮೊದಲ ಸಾಲಿನ ಮಹಿಳಾ ವೈದ್ಯರು, 1927ರಲ್ಲಿ ಶಾಸನ ಸಭೆಗೆ ಹೋದವರು. ಅವರ ತಂಗಿ ಕ್ಯಾನ್ಸರಿನಿಂದ ತೀರಿಕೊಂಡರು. ಡಾಕ್ಟರಾಗಿದ್ದೂ ಉಳಿಸಿಕೊಳ್ಳಲಾಗಲಿಲ್ಲ ಎಂಬ ನೋವಿನಲ್ಲಿ ಅವರು ಕ್ಯಾನ್ಸರಿಗಾಗಿಯೇ ಒಂದು ಆಸ್ಪತ್ರೆ ಬೇಕೆಂದು ಹಟ ಹಿಡಿದರು. ಆ ಕಾಲಕ್ಕೆ ಕ್ಯಾನ್ಸರ್ ಎಂದರೆ ಸಾವು ಎಂದೇ ಜನ ನಂಬಿದ್ದರು. ವಾಸಿಯಾಗದ ಕಾಯಿಲೆಗೆ ಆಸ್ಪತ್ರೆ ಏಕೆ ಎಂಬ ಮಾತನ್ನು ಅವರು ಎದುರಿಸಬೇಕಾಯಿತು. ಅವರು ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಮೂಲಕ ಕ್ಯಾನ್ಸರ್ ಪರಿಹಾರ ನಿಧಿಯೊಂದನ್ನು ಕಟ್ಟಿದರು. 1952ರಲ್ಲಿ ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದರು. 1954ರ ಜೂನ್ 18ರಂದು ಆಸ್ಪತ್ರೆ ಆರಂಭವಾದಾಗ ಅಲ್ಲಿದ್ದದ್ದು ಬರೀ 12 ಹಾಸಿಗೆ. ಮುತ್ತುಲಕ್ಷ್ಮಿಯವರ ಮಗ ಡಾ. ಕೃಷ್ಣಮೂರ್ತಿ, 1955ರಲ್ಲಿ ಬಂದು ಸೇರಿದ ಡಾ. ವಿ. ಶಾಂತಾ, ಇವರಿಬ್ಬರು ಅದನ್ನು ಬೆಳೆಸಿದರು. ಇಂದು ಅಲ್ಲಿ ಐನೂರಕ್ಕೂ ಹೆಚ್ಚು ಹಾಸಿಗೆಗಳಿವೆ. 2005ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಶಾಂತಾ 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಆ ಸಂಸ್ಥೆಯ ಜೊತೆಗೇ ಇದ್ದರು.

ಇದರಲ್ಲಿ ನಮಗೇನಿದೆ ಎಂದು ಕೇಳಬಹುದು. ಹಣ ಕೂಡಿಸಲು ಹೊರಟಾಗ ತೋರಿಸಲು ಅವರ ಬಳಿ ಕಟ್ಟಡ ಇರಲಿಲ್ಲ. ಇದ್ದದ್ದು ಹಲವು ವರ್ಷ ಸಾರ್ವಜನಿಕ ಕೆಲಸ ಮಾಡಿ ಹೆಸರು ಕೆಡಿಸಿಕೊಳ್ಳದ ಒಂದು ಸಂಘ. ಜನ ಕೊಟ್ಟದ್ದು ಆ ಹೆಸರಿಗೆ. ನಿಮ್ಮ ಕನ್ನಡ ಸಂಘಕ್ಕೆ ರಾಜ್ಯೋತ್ಸವ, ನಾಟಕ, ದಸರಾ ಪೂಜೆಗಳಿಂದ ಬಂದ ಹೆಸರು ಇದ್ದರೆ ಅದು ಸಣ್ಣ ಬಂಡವಾಳವಲ್ಲ. ಅದನ್ನು ಜೋಪಾನವಾಗಿ ಖರ್ಚು ಮಾಡಬೇಕು.

ಟೆರಿ ಫಾಕ್ಸ್ ಓಡಿದ ದಾರಿ

ಸ್ವಯಂಸೇವಕರ ನಿಧಿ ಸಂಗ್ರಹ ಎಂದ ಕೂಡಲೇ ಜಗತ್ತಿನಾದ್ಯಂತ ನೆನಪಾಗುವ ಹೆಸರು ಕೆನಡಾದ ಟೆರಿ ಫಾಕ್ಸ್. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲು ಕಳೆದುಕೊಂಡ ಈ ಹುಡುಗ, 1980ರ ಏಪ್ರಿಲ್ 12ರಂದು ಕೆನಡಾದ ಪೂರ್ವ ತುದಿಯಿಂದ ಪಶ್ಚಿಮಕ್ಕೆ ಕೃತಕ ಕಾಲಿನಲ್ಲಿ ಓಡಲು ಶುರು ಮಾಡಿದ. ದಿನಕ್ಕೆ ಸುಮಾರು 42 ಕಿಲೋಮೀಟರ್, ಒಂದು ಮ್ಯಾರಥಾನ್ ದೂರ. ಆಗ ಅವನಿಗೆ 21 ವರ್ಷ. ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುವುದು ಅವನ ಗುರಿ.

ಮೊದಲ ದಿನಗಳಲ್ಲಿ ಹೆಚ್ಚು ಜನ ಗಮನಿಸಲಿಲ್ಲ. ದಾರಿಯಲ್ಲಿ ಪೋರ್ಟ್ ಓ ಬಾಸ್ಕ್ ಎಂಬ ಪುಟ್ಟ ಊರು ಸಿಕ್ಕಿತು. ಸುಮಾರು 10,000 ಜನರ ಆ ಊರು 10,000 ಡಾಲರ್ ಕೂಡಿಸಿ ಕೊಟ್ಟಿತು. ಅಂದರೆ ತಲೆಗೆ ಒಂದು ಡಾಲರ್. ಕೆನಡಾದ ಪ್ರತಿಯೊಬ್ಬರೂ ಒಂದೊಂದು ಡಾಲರ್ ಕೊಡಲಿ ಎಂಬುದೇ ಅವನ ಕರೆಯಾಯಿತು. ದೇಶದ ಜನಸಂಖ್ಯೆ ಆಗ ಸುಮಾರು 2 ಕೋಟಿ 40 ಲಕ್ಷ. 143 ದಿನ, 5,373 ಕಿಲೋಮೀಟರ್ ಓಡಿದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದ್ದು ತಿಳಿದು ಸೆಪ್ಟೆಂಬರ್ 1ರಂದು ಓಟ ನಿಲ್ಲಿಸಬೇಕಾಯಿತು. 1981ರ ಫೆಬ್ರವರಿ ಹೊತ್ತಿಗೆ ನಿಧಿ 2 ಕೋಟಿ 40 ಲಕ್ಷ ಡಾಲರ್ ದಾಟಿತು. ಅದೇ ಜೂನ್ 28ರಂದು ಟೆರಿ ತೀರಿಕೊಂಡ. ಸೆಪ್ಟೆಂಬರಿನಲ್ಲಿ ಅವನ ಹೆಸರಿನ ಮೊದಲ ಓಟ ನಡೆಯಿತು. ಮುಂದೆ ಅದು ಹಲವು ದೇಶಗಳಿಗೆ ಹರಡಿತು. ಮುಂಬೈಯಲ್ಲೂ, ಚೆನ್ನೈಯ ಐಐಟಿ ಆವರಣದಲ್ಲೂ ನಡೆದಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಎರಡು. ಒಂದು, ಕೇಳಿದ ಮೊತ್ತ ಯಾರಿಗೂ ಭಾರವಾಗದಷ್ಟು ಸಣ್ಣದು, ಯಾರಿಗಾದರೂ ಅರ್ಥವಾಗುವಷ್ಟು ಸ್ಪಷ್ಟ. ಎರಡು, ಟೆರಿ ಓಡುತ್ತಿದ್ದರೆ ಹಿಂದೆ ಒಂದು ವ್ಯಾನು ಬರುತ್ತಿತ್ತು. ಅದನ್ನು ಓಡಿಸುತ್ತ, ಅಡುಗೆ ಮಾಡುತ್ತ, ದೂರ ಅಳೆಯುತ್ತ ಇದ್ದವನು ಅವನ ಸ್ನೇಹಿತ ಡಗ್ ಆಲ್ವರ್ಡ್. ಫೋಟೋದಲ್ಲಿ ಕಾಣುವುದು ಓಡುವವನು. ವ್ಯಾನು ಓಡಿಸುವವನಿಲ್ಲದೆ ಆ ಓಟ ನಡೆಯುತ್ತಿರಲಿಲ್ಲ.

ತಂಡ ಹೇಗಿರಬೇಕು?

ಒಳ್ಳೆಯ ತಂಡಕ್ಕೆ ಐದಾರು ಜನ ಸಾಕು. ಒಬ್ಬರು ಮುಂದಾಳು. ಒಬ್ಬರು ಖಜಾಂಚಿ. ಇವರಿಬ್ಬರೂ ಒಂದೇ ಮನೆಯವರಾಗದಿದ್ದರೆ ಒಳ್ಳೆಯದು. ಒಬ್ಬರು ಸಂಸ್ಥೆಯ ಜೊತೆ ಮಾತಾಡುವವರು, ಒಬ್ಬರು ಜನರಿಗೆ ಸುದ್ದಿ ತಲುಪಿಸುವವರು, ಒಬ್ಬರು ಕೊಟ್ಟವರ ಹೆಸರು ಬರೆದುಕೊಂಡು ಕೃತಜ್ಞತೆ ಹೇಳುವವರು. ಕೊನೆಯದು ಸಣ್ಣ ಕೆಲಸದಂತೆ ಕಾಣುತ್ತದೆ, ಆದರೆ ಮುಂದಿನ ವರ್ಷದ ಸಂಗ್ರಹ ನಿಂತಿರುವುದು ಅದರ ಮೇಲೆಯೇ. ಕೊಟ್ಟ ಒಂದು ವಾರದೊಳಗೆ ಒಂದು ಫೋನು ಹೋಗಬೇಕು. 50 ರೂಪಾಯಿ ಕೊಟ್ಟವರಿಗೂ ಹೋಗಬೇಕು.

ನಗದು ಡಬ್ಬಿ ಇಡುವುದಾದರೆ ಸೀಲು ಹಾಕಿ ಇಡಿ. ತೆರೆಯುವಾಗ ಇಬ್ಬರು ಎದುರಿಗಿರಲಿ, ಎಣಿಸಿದ ಮೊತ್ತವನ್ನು ಅಲ್ಲೇ ಬರೆದು ಇಬ್ಬರೂ ಸಹಿ ಹಾಕಲಿ. ಇದು ಯಾರ ಮೇಲೂ ಅನುಮಾನಪಟ್ಟು ಮಾಡುವುದಲ್ಲ. ನಾಳೆ ಯಾರಾದರೂ ಅನುಮಾನಪಟ್ಟಾಗ ನಿಮ್ಮ ಸ್ವಯಂಸೇವಕರನ್ನು ಕಾಪಾಡುವುದು ಈ ಎರಡು ಸಹಿ.

ಕೇಳುವ ಬಗೆ

ಮೈಕಿನ ಮುಂದೆ ಕೂರುವ ಕೆಲಸ ನನಗೆ ಕಲಿಸಿದ ಒಂದು ಪಾಠವಿದೆ. ಉದಾರವಾಗಿ ಸಹಾಯ ಮಾಡಿ ಎಂದರೆ ಕೇಳುಗರು ತಲೆದೂಗಿ ಮುಂದಿನ ಹಾಡಿಗೆ ಕಾಯುತ್ತಾರೆ. ಇಂಥದ್ದಕ್ಕೆ, ಇಷ್ಟು ರೂಪಾಯಿ, ಇಂಥ ದಿನದೊಳಗೆ ಎಂದರೆ ಪೆನ್ನು ಹುಡುಕುತ್ತಾರೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆಮನೆಯಿಂದ ದಿನಕ್ಕೊಂದು ಮುಷ್ಟಿ ಅಕ್ಕಿ ತೆಗೆದಿಡಿಸಿ ವಿದ್ಯಾರ್ಥಿನಿಲಯ ನಡೆಸಿದ ಉದಾಹರಣೆಗಳು ನಮ್ಮ ನಾಡಿನಲ್ಲಿವೆ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಹುಡುಗರ ಮೊಮ್ಮಕ್ಕಳು ಇಂದು ನಮ್ಮ ಕೇಳುಗರಲ್ಲಿಯೇ ಇರಬಹುದು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಬರಿಯ ಬಾಯಿಮಾತಾಗಿರಲಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಸಂಘ ಒಂದು ಸಹಾಯಾರ್ಥ ನಾಟಕವನ್ನೋ ಯಕ್ಷಗಾನವನ್ನೋ ಇಟ್ಟುಕೊಂಡಿತು ಎನ್ನಿ. 500 ರೂಪಾಯಿಯ 300 ಟಿಕೆಟು ಹೋದರೆ 1,50,000. ಸಭಾಂಗಣ, ಸೌಂಡು, ಕಲಾವಿದರ ಪ್ರಯಾಣ, ಊಟ ಎಂದು 1,10,000 ಖರ್ಚಾದರೆ ರೋಗಿಗಳಿಗೆ ಹೋಗುವುದು 40,000. ಅದೇ ಸಂಘದ 60 ಜನ ತಿಂಗಳಿಗೆ 200 ರೂಪಾಯಿ ಕೊಟ್ಟರೆ ತಿಂಗಳಿಗೆ 12,000, ವರ್ಷಕ್ಕೆ 1,44,000. ಖರ್ಚು ಹೆಚ್ಚುಕಡಿಮೆ ಏನೂ ಇಲ್ಲ. ಮೂರು ವರ್ಷದ ಚಿಕಿತ್ಸೆ ನಡೆಯುತ್ತಿರುವ ಮಗುವಿಗೆ ಬೇಕಾದದ್ದೂ ತಿಂಗಳು ತಿಂಗಳು ತಪ್ಪದೆ ಬರುವ ಇಂಥ ಹಣವೇ.

ಹಾಗೆಂದು ನಾಟಕ ಬೇಡ ಎನ್ನುತ್ತಿಲ್ಲ. ನಾಟಕ ಜನರನ್ನು ಒಂದು ಕಡೆ ಸೇರಿಸುತ್ತದೆ. ಸೇರಿದ ಜನರಲ್ಲಿ ಅರವತ್ತು ಮಂದಿ ತಿಂಗಳ ಕೊಡುಗೆಗೆ ಹೆಸರು ಬರೆಸಿದರೆ ಆ ಸಂಜೆ ಗೆದ್ದಂತೆ. ಖರ್ಚಿಗೆ ಬೇರೆ ಪ್ರಾಯೋಜಕರನ್ನು ಹುಡುಕಿ, ಟಿಕೆಟಿನ ಹಣ ಪೂರ್ತಿ ನಿಧಿಗೆ ಹೋಗುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ಕಾನೂನಿನ ನಾಲ್ಕು ಮಾತು

ಮೊದಲನೆಯದು, ಹಣ ಯಾರೊಬ್ಬರ ಸ್ವಂತ ಖಾತೆಗೂ ಬರಬಾರದು. ಮುಂದಾಳು ಎಷ್ಟೇ ಪ್ರಾಮಾಣಿಕರಾಗಿರಲಿ, ತರಕಾರಿ ಹಣವೂ ದಾನದ ಹಣವೂ ಒಂದೇ ಪಾಸ್‌ಬುಕ್ಕಿನಲ್ಲಿ ಬೆರೆತರೆ ಆಮೇಲೆ ಬಿಡಿಸಲಾಗುವುದಿಲ್ಲ. ಕೊಡುವವರು ನೇರವಾಗಿ ಸಂಸ್ಥೆಯ ಖಾತೆಗೆ, ಇಲ್ಲವೇ ಆಸ್ಪತ್ರೆಯಲ್ಲಿ ರೋಗಿಯ ಹೆಸರಿನಲ್ಲಿರುವ ಖಾತೆಗೆ ಕೊಡಲಿ. ಯುಪಿಐ ಕೋಡು ಸಂಸ್ಥೆಯದ್ದೇ ಆಗಿರಲಿ, ಒಂದು ರೂಪಾಯಿ ಕಳಿಸಿ ಯಾರ ಹೆಸರು ಬರುತ್ತದೆ ಎಂದು ನೀವೇ ಪರೀಕ್ಷಿಸಿದ ಮೇಲೆ ಹಂಚಿ.

ಎರಡನೆಯದು, ಸಂಸ್ಥೆಯನ್ನು ಆರಿಸುವಾಗ ನೋಂದಣಿ, ವಾರ್ಷಿಕ ವರದಿ, ಆಡಿಟ್ ಆದ ಲೆಕ್ಕಪತ್ರ ಕೇಳಿ ನೋಡಿ. ಕೇಳಿದ್ದಕ್ಕೆ ಬೇಸರಪಡುವ ಸಂಸ್ಥೆಗೆ ಕೈಮುಗಿದು ಮುಂದೆ ಹೋಗಿ. ಮುಂಬೈಯಲ್ಲೇ 1951ರಲ್ಲಿ ಹುಟ್ಟಿದ ಇಂಡಿಯನ್ ಕ್ಯಾನ್ಸರ್ ಸೊಸೈಟಿ, 1969ರಲ್ಲಿ ಹುಟ್ಟಿದ ಕ್ಯಾನ್ಸರ್ ಪೇಷಂಟ್ಸ್ ಏಡ್ ಅಸೋಸಿಯೇಷನ್ ತರಹದ ಹಳೆಯ ಸಂಸ್ಥೆಗಳಿವೆ. ಹಳೆಯದು ಎಂಬ ಕಾರಣಕ್ಕೆ ಯಾವುದನ್ನೂ ಕೇಳದೆ ಬಿಡಬೇಕಿಲ್ಲ.

ಮೂರನೆಯದು ತೆರಿಗೆ. 80ಜಿ ಎಂದು ಜನ ಕರೆಯುವ ರಿಯಾಯಿತಿ ಸಿಗಬೇಕಾದರೆ ಸಂಸ್ಥೆಗೆ ಅದರ ಅನುಮೋದನೆ ಇರಬೇಕು, ಕೊಡುವವರು ಪ್ಯಾನ್ ಸಂಖ್ಯೆ ಕೊಡಬೇಕು. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ರಿಯಾಯಿತಿ ಸಿಗದು. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇದು ಅನ್ವಯಿಸದು. ಇದನ್ನು ಮೊದಲೇ ಹೇಳಿಬಿಡಿ, ಆಮೇಲೆ ಮನಸ್ತಾಪ ಬೇಡ.

ನಾಲ್ಕನೆಯದು ವಿದೇಶದ ಹಣ. ಅಮೆರಿಕದಲ್ಲಿರುವ ಮಗ ಭಾರತದ ಪಾಸ್‌ಪೋರ್ಟ್ ಉಳ್ಳವನಾಗಿದ್ದು, ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವನು ಅಲ್ಲಿನ ಪ್ರಜೆಯಾಗಿದ್ದರೆ ಎನಿಸುತ್ತದೆ. ಅಂಥ ದೇಣಿಗೆ ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಬೇಕು. ಅದನ್ನು ಮೊದಲು ಪಡೆಯಬೇಕಾದ ಖಾತೆ, 2020ರ ತಿದ್ದುಪಡಿಯ ಪ್ರಕಾರ, ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿರಬೇಕು. ನಿಮ್ಮ ಸಂಘದ ಖಾತೆಗೆ ಅಂಥ ಹಣ ಹಾಕಿಸಿಕೊಂಡು ತೊಂದರೆಗೆ ಸಿಕ್ಕಿಕೊಳ್ಳಬೇಡಿ.

ರೋಗಿಯ ಮಾನ

ಹಣ ಬೇಗ ಬರಲಿ ಎಂದು ಕೂದಲು ಉದುರಿದ ಮಗುವಿನ ಫೋಟೋ ಹಾಕಿ ಹಂಚುವುದನ್ನು ನೋಡುತ್ತೇವೆ. ಆ ಮಗು ವಾಸಿಯಾಗಿ ದೊಡ್ಡದಾದ ಮೇಲೂ ಆ ಚಿತ್ರ ಯಾರದೋ ಫೋನಿನಲ್ಲಿ ಓಡಾಡುತ್ತಿರುತ್ತದೆ. ನಮ್ಮ ಕಡೆ ಕಾಯಿಲೆಯ ಹೆಸರನ್ನು ಮದುವೆ ಮಾತುಕತೆಯವರೆಗೂ ನೆನಪಿಟ್ಟುಕೊಳ್ಳುವವರಿದ್ದಾರೆ. ಹೆಸರು, ಊರು, ಚಿತ್ರ ಯಾವುದನ್ನೂ ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ ಬಳಸಬೇಡಿ. ಹಣದ ಕಷ್ಟದಲ್ಲಿರುವವರು ಬೇಡ ಎನ್ನಲು ಹೆದರುತ್ತಾರೆ ಎಂಬುದೂ ನೆನಪಿರಲಿ. ಬೇಡ ಎಂದರೂ ಸಹಾಯ ನಿಲ್ಲುವುದಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೇಳಿ.

ಹಾಗೆಯೇ ಈ ಹಣದಿಂದ ರೋಗಿ ವಾಸಿಯಾಗುತ್ತಾರೆ ಎಂದು ಯಾರಿಗೂ ಮಾತು ಕೊಡಬೇಡಿ. ಅದು ಡಾಕ್ಟರ ಕೈಯಲ್ಲೂ ಪೂರ್ತಿ ಇರುವುದಿಲ್ಲ. ಚಿಕಿತ್ಸೆ ನಿಲ್ಲದಂತೆ ನೋಡಿಕೊಳ್ಳುತ್ತೇವೆ ಎಂಬ ಮಾತು ಕೊಡಬಹುದು. ನಡೆಸಬಹುದಾದ ಮಾತು ಅದು. ಸಂಗ್ರಹ ನಡೆಯುತ್ತಿರುವಾಗಲೇ ರೋಗಿ ತೀರಿಕೊಳ್ಳುವ ಸಂದರ್ಭವೂ ಬರಬಹುದು. ಉಳಿದ ಹಣ ಏನಾಗಬೇಕು ಎಂಬುದನ್ನು ಮೊದಲ ಸಭೆಯಲ್ಲೇ ತೀರ್ಮಾನಿಸಿ ಬರೆದಿಡಿ. ದುಃಖದ ಮನೆಯಲ್ಲಿ ಹಣದ ಮಾತು ಎತ್ತುವಂತಾಗಬಾರದು.

ಕೊನೆಗೆ ಲೆಕ್ಕ

ಸಂಗ್ರಹ ಮುಗಿದ ಒಂದು ತಿಂಗಳೊಳಗೆ ಒಂದೇ ಪುಟದ ಲೆಕ್ಕ ಸಿದ್ಧವಾಗಲಿ. ಎಷ್ಟು ಬಂತು, ಎಷ್ಟು ಖರ್ಚಾಯಿತು, ಎಷ್ಟು ಸಂಸ್ಥೆಗೆ ಹೋಯಿತು, ಅದರ ರಸೀದಿ ಸಂಖ್ಯೆ ಏನು, ಸಂಸ್ಥೆ ಅದನ್ನು ಯಾವುದಕ್ಕೆ ಬಳಸಿತು. ಸಂಘದ ನೋಟಿಸ್ ಬೋರ್ಡಿನಲ್ಲಿ ಹಾಕಿ, ಕೊಟ್ಟ ಪ್ರತಿಯೊಬ್ಬರಿಗೂ ಕಳಿಸಿ. ಗುರಿ ಮುಟ್ಟದಿದ್ದರೂ ಕಳಿಸಿ. ಲಕ್ಷದ ಗುರಿಯಿಟ್ಟು ಮೂವತ್ತು ಸಾವಿರ ಬಂದರೆ ಅದರಲ್ಲಿ ನಾಚಿಕೆಯೇನಿಲ್ಲ. ಆ ಮೂವತ್ತು ಸಾವಿರದಲ್ಲಿ ಯಾರೋ ಒಬ್ಬರು ಕೆಲವು ವಾರ ಫುಟ್‌ಪಾತಿನ ಬದಲು ಒಂದು ಕೋಣೆಯಲ್ಲಿ ಮಲಗಿರುತ್ತಾರೆ.

ಹಣ ಕೊಡಲಾಗದವರು ಸಮಯ ಕೊಡಬಹುದು. ವಾರಕ್ಕೊಂದು ಬೆಳಿಗ್ಗೆ ಆಸ್ಪತ್ರೆಯ ಸಮಾಜಸೇವಾ ವಿಭಾಗದವರ ಒಪ್ಪಿಗೆ ಪಡೆದು, ಊರಿನಿಂದ ಬಂದವರಿಗೆ ಕನ್ನಡದಲ್ಲಿ ಅರ್ಜಿ ಓದಿ ಹೇಳಿದರೂ ಸಾಕು. ಪರಊರಿನಲ್ಲಿ ತನ್ನ ಭಾಷೆ ಕೇಳಿದಾಗ ಮನುಷ್ಯನಿಗೆ ಬರುವ ಧೈರ್ಯ ಎಂಥದ್ದೆಂದು ಮೆಟ್ರೋಗಳಲ್ಲಿ ಬದುಕುವ ನಿಮಗೆ ನಾನು ಹೇಳಬೇಕಾಗಿಲ್ಲ.

ನಿಮ್ಮ ಸಂಘದಲ್ಲಿ ಇಂಥ ಕೆಲಸ ನಡೆಯುತ್ತಿದ್ದರೆ ನಮಗೆ ಬರೆದು ತಿಳಿಸಿ. ಲೆಕ್ಕದ ಪುಟವನ್ನೂ ಜೊತೆಗಿಡಿ, ಕಾರ್ಯಕ್ರಮದಲ್ಲಿ ಸಂತೋಷದಿಂದ ಓದುತ್ತೇವೆ. ಎಂದಿನ ವೇಳೆಗೆ, ಎಂದಿನ ತರಂಗಾಂತರದಲ್ಲಿ ಮತ್ತೆ ಭೇಟಿಯಾಗೋಣ.